ರಾತ್ರಿ ಎರಡು ಗಂಟೆಯ ಪ್ರಶ್ನೆಗೆ ಯಾವ ದೀಪ? ಪುಟ್ಟ ಮಕ್ಕಳ ಕೋಣೆಯ ನೈಟ್ ಲ್ಯಾಂಪ್‌ಗಳ ವಿಮರ್ಶೆ

ಮೂರು ವರ್ಷದ ಮಗು ನಡುರಾತ್ರಿ ಎದ್ದು ಕೂತು "ನಾಯಿ ಎಲ್ಲಿ ಹೋಯ್ತು?" ಅಂತ ಕೇಳುತ್ತದೆ. ಮನೆಯಲ್ಲಿ ನಾಯಿಯೇ ಇಲ್ಲ. "ಕನಸು ಬಿತ್ತಾ ಕಂದಾ?" ಅಂದರೆ "ಎಲ್ಲಿ ಬಿತ್ತು?" ಅನ್ನುತ್ತಾ ಮಂಚದ ಕೆಳಗೆ ಬಗ್ಗಿ ನೋಡುತ್ತದೆ. ನಮ್ಮ ಮಾತಿನಲ್ಲಿ ಕನಸು ಬೀಳುತ್ತದೆ. ಬಿದ್ದದ್ದು ಎಲ್ಲೋ ಒಂದು ಕಡೆ ಇರಲೇಬೇಕಲ್ಲ, ಆ ವಯಸ್ಸಿನ ಲೆಕ್ಕ ತಪ್ಪೇನಲ್ಲ. ಆ ಗಳಿಗೆಯಲ್ಲಿ ಅಮ್ಮ ಅಪ್ಪ ಏನು ಹೇಳುತ್ತಾರೆ ಅನ್ನುವುದಕ್ಕಿಂತ ಮೊದಲು ಮಗುವಿಗೆ ಉತ್ತರ ಕೊಡುವುದು ಅದರ ಕಣ್ಣು. ಕಣ್ಣಿಗೆ ಏನು ಕಾಣಬೇಕು ಅನ್ನುವುದನ್ನು ತೀರ್ಮಾನಿಸುವುದು ಕೋಣೆಯ ನೈಟ್ ಲ್ಯಾಂಪು.

ಹಾಗಾಗಿ ಈ ವಿಮರ್ಶೆಯಲ್ಲಿ ದೀಪದ ಅಂದಚಂದಕ್ಕೆ ಅಂಕವಿಲ್ಲ. ಅಳತೆಗೋಲು ಒಂದೇ: ನಿದ್ದೆಯಿಂದ ಎದ್ದ ಮಗುವಿಗೆ "ಇದು ನನ್ನದೇ ಕೋಣೆ, ಮಲಗುವಾಗ ಹೇಗಿತ್ತೋ ಹಾಗೇ ಇದೆ" ಅಂತ ಈ ದೀಪ ತೋರಿಸಿಕೊಡುತ್ತದೆಯೇ, ಇಲ್ಲಾ ಹೊಸದೊಂದು ಪ್ರಶ್ನೆ ಹುಟ್ಟಿಸುತ್ತದೆಯೇ? ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸುಲಭವಾಗಿ ಸಿಗುವ ಐದು ಬಗೆಯ ದೀಪಗಳನ್ನು ಈ ಕಣ್ಣಿನಿಂದಲೇ ನೋಡಲಾಗಿದೆ. ಒಂದೇ ಬಗೆಯ ದೀಪ ಹತ್ತಾರು ಹೆಸರಿನಲ್ಲಿ ಬರುವುದರಿಂದ ಬ್ರ್ಯಾಂಡ್ ಬದಲು ಬಗೆಯ ಮೇಲೆ ಮಾತು.

ಮೊದಲು ಎರಡು ವಿಷಯ ಬಿಡಿಸಿಕೊಳ್ಳಬೇಕು. ಮಲಗಿದ ಮೊದಲ ಒಂದರಿಂದ ಮೂರು ಗಂಟೆಯೊಳಗೆ ಮಗು ಕಿರುಚಿ ಎದ್ದು, ಕಣ್ಣು ತೆರೆದಿದ್ದರೂ ಅಮ್ಮನ ಗುರುತು ಹಿಡಿಯದೆ, ಎತ್ತಿಕೊಂಡರೆ ಇನ್ನಷ್ಟು ಒದ್ದಾಡಿದರೆ ಅದು ಕನಸಲ್ಲ. ಆಳ ನಿದ್ದೆಯಿಂದ ಅರ್ಧ ಮಾತ್ರ ಎಚ್ಚರವಾದ ಸ್ಥಿತಿ ಅದು. ವೈದ್ಯರು ನೈಟ್ ಟೆರರ್ ಅನ್ನುತ್ತಾರೆ. ಬೆಳಿಗ್ಗೆ ಮಗುವಿಗೆ ಅದರ ನೆನಪೇ ಇರುವುದಿಲ್ಲ. ಇದಕ್ಕೆ ಯಾವ ದೀಪವೂ ಮದ್ದಲ್ಲ. ಟ್ಯೂಬ್‌ಲೈಟ್ ಹಾಕಿ ಅಲುಗಾಡಿಸಿ ಎಬ್ಬಿಸಬೇಡಿ. ಮಂಚದಿಂದ ಬೀಳದಂತೆ ಪಕ್ಕದಲ್ಲಿ ಕೂತಿದ್ದರೆ ಕೆಲವು ನಿಮಿಷದಲ್ಲಿ ತಾನೇ ಮಲಗುತ್ತದೆ. ಕೆಟ್ಟ ಕನಸಿನ ಕಥೆ ಬೇರೆ. ಅದು ಸಾಮಾನ್ಯವಾಗಿ ರಾತ್ರಿಯ ಎರಡನೇ ಅರ್ಧದಲ್ಲಿ, ಬೆಳಗಿನ ಜಾವದ ಕಡೆಗೆ ಬರುತ್ತದೆ. ಮಗು ಪೂರ್ತಿ ಎಚ್ಚರವಾಗುತ್ತದೆ, ನಿಮ್ಮನ್ನು ಗುರುತಿಸುತ್ತದೆ, ಕಂಡದ್ದು ನೆನಪಿರುತ್ತದೆ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತದೆ. ನೈಟ್ ಲ್ಯಾಂಪಿನ ಕೆಲಸ ಇಲ್ಲಿ.

ಪುಟ್ಟ ಮಕ್ಕಳು ಕನಸನ್ನು ಕೋಣೆಯೊಳಗೇ, ಕಣ್ಣೆದುರಿಗೇ ಇರುವ ವಸ್ತು ಅಂದುಕೊಳ್ಳುತ್ತಾರೆ ಎಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜ್ಯಾನ್ ಪಿಯಾಜೆ 1920ರ ದಶಕದಲ್ಲೇ ಬರೆದಿದ್ದರು. ಮಕ್ಕಳಿಗೆ ಅಷ್ಟೂ ಗೊತ್ತಿಲ್ಲವೆಂದಲ್ಲ ಎಂದು ನಂತರದ ಸಂಶೋಧಕರು ತೋರಿಸಿದರು: ಮೂರು ವರ್ಷದ ಮಗುವಿಗೆ ಕನಸಿನ ಬಿಸ್ಕತ್ತನ್ನು ಮುಟ್ಟಲು, ತಿನ್ನಲು ಆಗುವುದಿಲ್ಲ ಎಂಬುದು ಹಗಲು ಹೊತ್ತು ಸಮಾಧಾನವಾಗಿ ಕೇಳಿದರೆ ತಿಳಿದಿರುತ್ತದೆ. ಅದಕ್ಕೆ ಸರಿಯಾಗಿ ತಿಳಿಯದೇ ಇರುವುದು, ಕನಸು ತನ್ನೊಬ್ಬನಿಗೇ ಕಾಣುವಂಥದ್ದು ಎಂಬ ವಿಷಯ. "ನೀನೂ ಇದ್ಯಲ್ಲಮ್ಮ, ನಿಂಗೆ ನೆನಪಿಲ್ವಾ?" ಅನ್ನುವ ಪ್ರಶ್ನೆ ಬರುವುದು ಇಲ್ಲಿಂದ. ಹಗಲಿಗಿದ್ದ ಆ ತಿಳಿವಳಿಕೆ ಅರೆನಿದ್ದೆಯಲ್ಲಿ, ಹೆದರಿಕೆಯಲ್ಲಿ, ಕತ್ತಲಲ್ಲಿ ಕೈಕೊಡುತ್ತದೆ. ಸುತ್ತಲಿನ ವಸ್ತುಗಳು ಕಂಡರೆ ಮತ್ತೆ ಕೈಗೆ ಸಿಗುತ್ತದೆ.

ಜೀರೋ ಬಲ್ಬ್

ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಇದೇ. ಹಳೆಯ ಗಾಜಿನ ಜೀರೋ ಕ್ಯಾಂಡಲ್ ಬಲ್ಬಿಗೆ ಹೆಸರು ಸೊನ್ನೆಯಾದರೂ ಅದು ಸುಮಾರು 15 ವ್ಯಾಟ್ ಕರೆಂಟು ಕುಡಿಯುತ್ತದೆ. ದಿನಕ್ಕೆ ಹತ್ತು ಗಂಟೆ ಉರಿಸಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಈಗಿನ ಅರ್ಧ ವ್ಯಾಟಿನ ಎಲ್‌ಇಡಿ ಅಷ್ಟೇ ಹೊತ್ತಿಗೆ 0.15 ಯೂನಿಟ್ ತಗೊಳ್ಳುತ್ತದೆ. ಬಿಸಿಯೂ ಆಗುವುದಿಲ್ಲ. ಸೊಳ್ಳೆ ಪರದೆ ಕಟ್ಟುವ ಮನೆಯಲ್ಲಿ ಈ ಒಂದು ಕಾರಣಕ್ಕೇ ಹಳೆಯದನ್ನು ತೆಗೆದುಬಿಡಬೇಕು. ನೈಲಾನ್ ಪರದೆ ಬಿಸಿ ಗಾಜಿಗೆ ತಾಗಬಾರದು.

ತೊಂದರೆ ಬಣ್ಣದ್ದು. ಅಂಗಡಿಯವರು ಕೇಳದೇ ಕೊಡುವುದು ನೀಲಿ ಅಥವಾ ಹಸಿರು. ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ಹೆಚ್ಚು ತಡೆಯುವುದು ನೀಲಿ ಬೆಳಕೇ. ನೀಲಿ ಬೆಳಕಿನಲ್ಲಿ ಅಮ್ಮನ ಮುಖವೂ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕನಸಿನಿಂದ ಈಗಷ್ಟೇ ಹೊರಬಂದ ಮಗುವಿಗೆ ಅದು ಅಮ್ಮನೋ ಅಲ್ಲವೋ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ. ಕೆಂಪು ನಿದ್ದೆಗೆ ತೊಂದರೆ ಕೊಡದು, ಆದರೆ ಕೆಂಪು ಬೆಳಕಿನಲ್ಲಿ ಕೆಂಪು ಚೆಂಡೂ ಬಿಳಿ ಚೆಂಡೂ ಒಂದೇ ಥರ ಕಾಣುತ್ತವೆ. "ವಾರ್ಮ್ ವೈಟ್" ಎಂದು ಬರೆದಿರುವ, ಪೆಟ್ಟಿಗೆಯ ಮೇಲೆ ಬೆಳಕಿನ ಬಣ್ಣ ಸೂಚಿಸುವ 2700 ಕೆ (K) ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆ ಇರುವ ಹಳದಿ ಬಲ್ಬನ್ನು ಕೇಳಿ ತಗೊಳ್ಳಿ. ದೇವರ ಮನೆಯ ದೀಪದ ಬಣ್ಣಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು.

ಎರಡನೇ ತೊಂದರೆ ಜಾಗದ್ದು. ಜೀರೋ ಬಲ್ಬಿನ ಹೋಲ್ಡರ್ ಸಾಮಾನ್ಯವಾಗಿ ಬಾಗಿಲ ಮೇಲೋ ಸ್ವಿಚ್ ಬೋರ್ಡಿನ ಮೇಲೋ ಆರೇಳು ಅಡಿ ಎತ್ತರದಲ್ಲಿ ಇರುತ್ತದೆ. ಅಂಗಾತ ಮಲಗಿದ ಮಗುವಿನ ಕಣ್ಣಿಗೆ ಬಲ್ಬು ನೇರವಾಗಿ ಹೊಡೆಯುತ್ತದೆ, ನೆಲ ಕತ್ತಲಾಗಿಯೇ ಉಳಿಯುತ್ತದೆ. ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿದ ಅಪ್ಪನ ಪ್ಯಾಂಟು, ಅಮ್ಮನ ನೈಟಿ ಕೈಕಾಲು ಬಂದಂತೆ ನೆರಳಾಗಿ ಗೋಡೆಗೆ ಬೀಳುತ್ತವೆ. "ಅಲ್ಲಿ ಯಾರೋ ನಿಂತಿದಾರೆ" ಅಂತ ಮಗು ಹೇಳಿದರೆ ಮೊದಲು ಆ ಮೊಳೆ ಖಾಲಿ ಮಾಡಿ. ಅಷ್ಟರಲ್ಲೇ ಮುಗಿದುಹೋಗುವ ರಾತ್ರಿಗಳು ಬಹಳ.

ಬಲ್ಬನ್ನು ಕೆಳಗೆ ತರುವುದಾದರೆ ಒಂದು ಎಚ್ಚರಿಕೆ. ಪ್ಲಗ್‌ಗೆ ನೇರ ಸಿಕ್ಕಿಸುವ ಹೋಲ್ಡರ್‌ಗಳು ಸಿಗುತ್ತವೆ, ಆದರೆ ಬಲ್ಬು ತೆಗೆದ ಹೋಲ್ಡರಿನ ಎರಡು ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ. ಮಗುವಿನ ಬೆರಳು ಅದರೊಳಗೆ ಸಲೀಸಾಗಿ ಹೋಗುತ್ತದೆ. ಕೈಗೆಟುಕುವ ಎತ್ತರದಲ್ಲಿ ಇದು ಬೇಡವೇ ಬೇಡ. ಬೀರುವಿನ ಅಥವಾ ಮಂಚದ ಮರೆಯಲ್ಲಿ, ಕೈ ತೂರದ ಜಾಗವಿದ್ದರೆ ಮಾತ್ರ.

ಪ್ಲಗ್‌ಗೆ ಸಿಕ್ಕಿಸುವ ಸೆನ್ಸರ್ ದೀಪ

ಅಂಗೈಯಷ್ಟೇ ದೊಡ್ಡದು. ಕತ್ತಲಾದರೆ ತಾನೇ ಹೊತ್ತಿಕೊಂಡು ಬೆಳಕಾದರೆ ತಾನೇ ಆರುತ್ತದೆ. ಐದರಲ್ಲಿ ನಮ್ಮ ಮೊದಲ ಆಯ್ಕೆ ಇದು, ಮುಖ್ಯವಾಗಿ ಎತ್ತರದ ಕಾರಣಕ್ಕೆ. ಮಂಚದ ಪಕ್ಕದ ಪ್ಲಗ್ ಪಾಯಿಂಟು ನೆಲದಿಂದ ಒಂದೆರಡು ಅಡಿ ಮೇಲಿರುತ್ತದೆ; ಬೆಳಕು ನೆಲದ ಮೇಲೆ ಹರಡುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಚಪ್ಪಲಿ, ನೀರಿನ ಬಾಟಲಿ, ಬಾಗಿಲಿಗೆ ಹೋಗುವ ದಾರಿ, ಮಂಚದ ಕೆಳಗಿನ ಖಾಲಿ ಜಾಗ ಎಲ್ಲವೂ ಕಾಣುತ್ತದೆ. "ಮಂಚದ ಕೆಳಗೆ ಏನಿದೆ?" ಎಂಬ ಪ್ರಶ್ನೆಗೆ ಮಗು ತಾನೇ ಉತ್ತರ ಕಂಡುಕೊಳ್ಳುತ್ತದೆ.

ಕೆಡುವ ರೀತಿಗಳನ್ನೂ ತಿಳಿದಿರಬೇಕು. ಸೆನ್ಸರ್ ಅಂದರೆ ಮುಂಭಾಗದಲ್ಲಿ ಕಡಲೆಬೇಳೆಯಷ್ಟು ದೊಡ್ಡ ಒಂದು ಕಣ್ಣು. ದೀಪದ ಎದುರೇ ಬಿಳಿ ಗೋಡೆಯೋ ಬೀರುವಿನ ಬಾಗಿಲೋ ಒಂದಡಿ ದೂರದಲ್ಲಿದ್ದರೆ ದೀಪದ ಬೆಳಕೇ ವಾಪಸು ಬಂದು ಆ ಕಣ್ಣಿಗೆ ಬೀಳುತ್ತದೆ. ಹಗಲಾಯಿತು ಅಂದುಕೊಂಡು ದೀಪ ಆರುತ್ತದೆ, ಕತ್ತಲಾದೊಡನೆ ಮತ್ತೆ ಹೊತ್ತುತ್ತದೆ. ಹೀಗೆ ಮಿಣುಕುತ್ತಾ ಇರುವ ದೀಪವನ್ನು ಗಿರಾಕಿಗಳು "ಡಿಫೆಕ್ಟ್ ಪೀಸ್" ಎಂದು ವಾಪಸು ಕಳಿಸುತ್ತಾರೆ. ಬೇರೆ ಪ್ಲಗ್ಗಿಗೆ ಹಾಕಿದರೆ ಅದೇ ದೀಪ ನಿಶ್ಚಿಂತೆಯಿಂದ ಉರಿಯುತ್ತದೆ. ಕಿಟಕಿಯಿಂದ ಬೀದಿ ದೀಪವೋ ವಾಹನದ ಹೆಡ್‌ಲೈಟೋ ಬೀಳುವ ಕಡೆಯೂ ಇದೇ ಗೋಳು. ಸಾಧ್ಯವಿದ್ದರೆ ಸೆನ್ಸರ್ ಜೊತೆ ಕೈಯಿಂದ ಹಾಕುವ ಸ್ವಿಚ್ ಕೂಡ ಇರುವುದನ್ನೇ ತಗೊಳ್ಳಿ. ಮಲಗಿಸುವಾಗ ಆನ್ ಮಾಡಿ ಬೆಳಗಿನವರೆಗೆ ಒಂದೇ ಸಮನೆ ಉರಿಯುವುದೇ ನಮಗೆ ಬೇಕಾದದ್ದು.

ಇನ್ನೊಂದು ಸಣ್ಣ ವಿಷಯ, ಆದರೆ ಪ್ರಾಣದ ವಿಷಯ. ಈ ದೀಪಗಳಿಗೆ ಹೆಚ್ಚಾಗಿ ಎರಡೇ ಪಿನ್. ಸುರಕ್ಷತೆಗೆಂದು ತೂತಿಗೆ ಮುಚ್ಚಳವಿರುವ ಸಾಕೆಟ್ಟುಗಳಲ್ಲಿ ಮೇಲಿನ ಅರ್ಥ್ ಪಿನ್ ಒಳಹೋದರೆ ಮಾತ್ರ ಕೆಳಗಿನ ತೂತುಗಳು ತೆರೆಯುತ್ತವೆ. ಎರಡು ಪಿನ್ನಿನ ದೀಪ ಹೋಗಲಿಲ್ಲವೆಂದು ದೊಡ್ಡವರು ಪೆನ್ನೋ ಸ್ಕ್ರೂಡ್ರೈವರೋ ಮೇಲಿನ ತೂತಿಗೆ ಚುಚ್ಚಿ ತೆರೆಯುತ್ತಾರೆ. ಮಗು ಅದನ್ನು ಬಿಟ್ಟಕಣ್ಣು ಬಿಟ್ಟಂತೆ ನೋಡುತ್ತಿರುತ್ತದೆ. ಹಾಗೆ ಮಾಡಬೇಡಿ, ಮೂರು ಪಿನ್ನಿನ ದೀಪ ತನ್ನಿ.

ಸೊಳ್ಳೆ ಲಿಕ್ವಿಡ್ ಮೆಷಿನ್ನಿಗೂ ಇದೇ ಪ್ಲಗ್ ಬೇಕಾಗುತ್ತದೆ ಎಂಬುದು ಮನೆಮನೆಯ ಜಗಳ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ ಮಂಚದ ಮೇಲಿಡುವುದಕ್ಕಿಂತ ಮೆಷಿನ್ನನ್ನು ಕೋಣೆಯ ಇನ್ನೊಂದು ಮೂಲೆಗೆ ಕಳಿಸುವುದು ಮೇಲು.

ಚಾರ್ಜ್ ಮಾಡುವ ಸಿಲಿಕೋನ್ ದೀಪ

ಮೊಲ, ಬೆಕ್ಕು, ಮೋಡದ ಆಕಾರದಲ್ಲಿ ಬರುವ, ತಟ್ಟಿದರೆ ಹೊತ್ತುವ ಮೆತ್ತನೆಯ ದೀಪ. ಸಾವಿರ ರೂಪಾಯಿಯ ಆಸುಪಾಸು. ಇದರ ದೊಡ್ಡ ಗುಣ, ಕರೆಂಟು ಹೋದರೂ ಉರಿಯುತ್ತದೆ. ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆಗಾಲದ ರಾತ್ರಿ ಪ್ಲಗ್ ದೀಪ ಆರಿ ಫ್ಯಾನೂ ನಿಂತಾಗ, ಶಬ್ದ ನಿಂತದ್ದಕ್ಕೇ ಮಗುವಿಗೆ ಎಚ್ಚರವಾಗುತ್ತದೆ. ಎದ್ದರೆ ಗವ್ವೆನ್ನುವ ಕತ್ತಲು. ಆ ಒಂದು ರಾತ್ರಿಗಾದರೂ ಇದು ಬೇಕು. ನಡುರಾತ್ರಿ ಸೂಸಿಗೆ ಕರೆದುಕೊಂಡು ಹೋಗುವಾಗ ಮಗು ತಾನೇ ಹಿಡಿದುಕೊಂಡು ಬರುತ್ತದೆ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮೂರು ಸಲ ಆನ್-ಆಫ್ ಮಾಡಿ ನೋಡಿ. ತುಂಬಾ ದೀಪಗಳು ಮೊದಲ ತಟ್ಟಿಗೆ ಪೂರ್ತಿ ಜೋರಾದ ಬಿಳಿ ಬೆಳಕು ಕೊಡುತ್ತವೆ. ಎರಡನೇ ತಟ್ಟಿಗೆ ಹಳದಿ, ಮೂರನೆಯದಕ್ಕೆ ಏಳು ಬಣ್ಣ ಸುತ್ತುತ್ತವೆ. ಮಂದ ಹಳದಿಗೆ ಬರಬೇಕಾದರೆ ನಡುವೆ ಕಣ್ಣು ಕುಕ್ಕುವ ಬಿಳಿಯನ್ನು ದಾಟಿಯೇ ಬರಬೇಕು. ಆರಿಸುವಾಗ ಯಾವ ಹದದಲ್ಲಿತ್ತೋ ಅದೇ ಹದದಲ್ಲಿ ಮತ್ತೆ ಹೊತ್ತುವಂಥದ್ದು ಸಿಕ್ಕರೆ ನೂರಿನ್ನೂರು ಜಾಸ್ತಿಯಾದರೂ ಕೊಡಿ. ಅದಿಲ್ಲದ ದೀಪವನ್ನು ಹೊದಿಕೆಯೊಳಗೆ ಮಗು ಒದ್ದರೆ ಬೆಳಗಿನ ಜಾವ ಕೋಣೆ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ.

ಅತಿ ಮಂದ ಹದದಲ್ಲಿ ಇಡೀ ರಾತ್ರಿ ಬರುತ್ತದೆಯೇ ಎಂಬುದನ್ನು ಒಂದು ಹಗಲು ಉರಿಸಿ ಪರೀಕ್ಷಿಸಿ. ಪೆಟ್ಟಿಗೆಯ ಮೇಲಿನ ಗಂಟೆಗಳ ಲೆಕ್ಕ ಹೊಸ ಬ್ಯಾಟರಿಯದು. ಚಾರ್ಜಿಗೆ ಹಾಕುವುದು ಹಗಲು ಹೊತ್ತು, ಹಾಸಿಗೆಯಿಂದ ದೂರ. ತಳ ಉಬ್ಬಿದಂತೆ ಕಂಡರೆ, ಮುಟ್ಟಿದರೆ ಬಿಸಿಯಿದ್ದರೆ ಆವತ್ತೇ ಬಳಕೆ ನಿಲ್ಲಿಸಿ.

ನಕ್ಷತ್ರದ ಪ್ರೊಜೆಕ್ಟರ್

ಹುಟ್ಟುಹಬ್ಬದ ಉಡುಗೊರೆಯಾಗಿ ಅತಿ ಹೆಚ್ಚು ಬರುವುದು ಇದೇ, ಮಲಗುವ ಕೋಣೆಗೆ ಅತಿ ಕಡಿಮೆ ಹೊಂದುವುದೂ ಇದೇ. ನಾಲ್ಕು ವರ್ಷದೊಳಗಿನ ಮಗುವಿಗೆ ಮಲಗುವ ಹೊತ್ತಿಗೆ ಇದನ್ನು ಹಾಕಬೇಡಿ ಅನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ.

ಕಾರಣ ಸರಳ. ಮಗು ಯಾವುದನ್ನು ನೋಡುತ್ತಾ ನಿದ್ದೆಗೆ ಜಾರುತ್ತದೋ ಎದ್ದಾಗಲೂ ಅದು ಅಲ್ಲೇ ಇರಬೇಕು. ರಾತ್ರಿ ನಾಲ್ಕಾರು ಸಲ ಅರೆ ಎಚ್ಚರವಾಗುವುದು ಎಲ್ಲರಿಗೂ ಸಹಜ; ಎಲ್ಲ ಹಾಗೇ ಇದ್ದರೆ ಮಗ್ಗುಲು ಬದಲಿಸಿ ಮಲಗುತ್ತೇವೆ. ಪ್ರೊಜೆಕ್ಟರಿನಲ್ಲಿ ಟೈಮರ್ ಇರುತ್ತದೆ. ಚಾವಣಿ ತುಂಬಾ ನಕ್ಷತ್ರ ತಿರುಗುತ್ತಿದ್ದಾಗ ಮಲಗಿದ ಮಗು ಎರಡು ಗಂಟೆಗೆ ಕಣ್ಣು ಬಿಟ್ಟರೆ ನಕ್ಷತ್ರವೂ ಇಲ್ಲ, ಬೆಳಕೂ ಇಲ್ಲ. "ನಕ್ಷತ್ರ ಎಲ್ಲಿ ಹೋಯ್ತು? ಯಾರು ತಗೊಂಡ್ರು? ಅದು ಕನಸಾ?" ಕನಸು ಯಾವುದು, ನಿಜ ಯಾವುದು ಎಂದು ಈಗಷ್ಟೇ ಕಲಿಯುತ್ತಿರುವ ಮಗುವಿಗೆ, ಕಣ್ಣಾರೆ ಕಂಡದ್ದು ಮಾಯವಾಗುವ ಕೋಣೆಯನ್ನು ನಾವೇ ಕಟ್ಟಿಕೊಟ್ಟಂತಾಗುತ್ತದೆ. ಟೈಮರ್ ತೆಗೆದು ಇಡೀ ರಾತ್ರಿ ಬಿಟ್ಟರೆ ಮೋಟರಿನ ಗುಂಯ್‌ ಶಬ್ದ, ಗೋಡೆಯ ಮೇಲೆ ಹರಿದಾಡುವ ಚುಕ್ಕೆಗಳು. ಅರೆನಿದ್ದೆಯ ಕಣ್ಣಿಗೆ ಅವು ಹುಳುಗಳೂ ಆಗಬಹುದು.

ಇದರ ರಿಮೋಟನ್ನು ಇವತ್ತೇ ತೆಗೆದು ನೋಡಿ. ಒಳಗೆ ಹೆಚ್ಚಾಗಿ ಇರುವುದು ರೂಪಾಯಿ ಬಿಲ್ಲೆಯಂಥ ಬಟನ್ ಸೆಲ್. ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡುವಷ್ಟು ಅಪಾಯ. ಮುಚ್ಚಳಕ್ಕೆ ಸ್ಕ್ರೂ ಇಲ್ಲದ, ಉಗುರಿನಿಂದ ಎಳೆದರೆ ಬರುವ ಟ್ರೇ ಇರುವ ರಿಮೋಟು ಮಗುವಿನ ಮನೆಯಲ್ಲಿ ಇರಲೇಬಾರದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರವಾಗಿ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಹಸಿರು ಲೇಸರ್ ಚುಕ್ಕೆ ಬಿಡುವ ಮಾದರಿಗಳನ್ನಂತೂ ಮಗುವಿನ ಕಣ್ಣಿನ ಮಟ್ಟದಲ್ಲಿ ಇಡಬೇಡಿ. ಮಗು ಮೊದಲು ಮಾಡುವ ಕೆಲಸವೇ ಬೆಳಕು ಬರುವ ತೂತಿಗೆ ಕಣ್ಣಿಡುವುದು.

ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಮೊಲದಂತಿದ್ದರೂ ನಕ್ಷತ್ರ ತೋರಿಸಿದರೂ ಪೆಟ್ಟಿಗೆಯ ಮೇಲೆ "ಅಲಂಕಾರಿಕ ದೀಪ" ಎಂದಿದ್ದರೆ ಅದನ್ನು ಮಗುವಿನ ಕೈಗೆ ಕೊಡಲು ಯಾರೂ ಪರೀಕ್ಷಿಸಿಲ್ಲ ಎಂದೇ ತಿಳಿಯಿರಿ.

ಮೋಷನ್ ಸೆನ್ಸರ್ ದೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈ ಬಿಸಿಯ ಓಡಾಟ ಕಂಡರೆ ಹೊತ್ತಿ ಅರ್ಧ ನಿಮಿಷದ ಆಚೀಚೆ ಆರುತ್ತದೆ. ಹೆದರಿ ಮುದುರಿ ಅಲುಗಾಡದೆ ಮಲಗಿದ ಮಗುವಿಗೆ ಬೆಳಕು ಬೇಕಾದಾಗಲೇ ಅದು ಆರಿರುತ್ತದೆ. ಪ್ಯಾಸೇಜಿಗೆ, ಬಚ್ಚಲ ಬಾಗಿಲಿಗೆ ಚೆನ್ನ. ಮಂಚದ ಹತ್ತಿರ ಬೇಡ.

ಇಡುವ ಕ್ರಮ

ಯಾವ ದೀಪವೇ ಇರಲಿ, ಇಟ್ಟಮೇಲೆ ಮಗುವಿನ ದಿಂಬಿಗೆ ತಲೆಯಿಟ್ಟು ಮಲಗಿ ನೋಡಬೇಕು. ಬೇರೆಲ್ಲ ಲೈಟು ಆರಿಸಿ ಹತ್ತು ನಿಮಿಷ ಹಾಗೇ ಇರಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಪಕ್ಕದಲ್ಲಿ ಮಲಗುವವರ ಮುಖದ ಗುರುತು ಸಿಗಬೇಕು, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ತಿಳಿಯಬೇಕು, ಆದರೆ ಪುಸ್ತಕದ ಅಕ್ಷರ ಓದಲು ಬರಬಾರದು. ಓದಲು ಬಂದರೆ ಬೆಳಕು ಜಾಸ್ತಿ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 3ರಿಂದ 5 ವರ್ಷದ ಮಕ್ಕಳ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮುಂಚಿನ ಒಂದು ಗಂಟೆ 5ರಿಂದ 40 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕೂ ಮೆಲಟೋನಿನ್ನನ್ನು ಸರಾಸರಿ 78 ಶೇಕಡಾ ಇಳಿಸಿತ್ತು. ಅಂದರೆ ನೈಟ್ ಲ್ಯಾಂಪನ್ನು ಮಂದ ಮಾಡಿ, ಮಲಗುವ ಒಂದು ಗಂಟೆ ಮುಂಚೆ ಹಾಲ್‌ನ ಟ್ಯೂಬ್‌ಲೈಟಿನ ಕೆಳಗೇ ಆಡಿಸಿದರೆ ಪ್ರಯೋಜನವಿಲ್ಲ.

ಫ್ಯಾನಿನ ಕೆಳಗೆ ಮೇಲ್ಮುಖವಾಗಿ ಬೆಳಕು ಬಿಡುವ ದೀಪ ಇಡಬೇಡಿ. ರೆಕ್ಕೆಗಳ ನೆರಳು ಚಾವಣಿಯ ಮೇಲೆ ಓಡುತ್ತಲೇ ಇರುತ್ತದೆ, "ಮೇಲೆ ಏನು ಓಡ್ತಿದೆ?" ಎಂಬ ಪ್ರಶ್ನೆಗೆ ಕೊನೆಯಿರುವುದಿಲ್ಲ. ಸೊಳ್ಳೆ ಪರದೆಗೆ ಅಂಟಿಕೊಂಡಂತೆ ದೀಪವಿದ್ದರೆ ಪರದೆಯೇ ಬೆಳಗಿ ಅದರಾಚೆ ಏನೂ ಕಾಣುವುದಿಲ್ಲ. ಕಾಲ ಬದಿಗೆ, ಮೂರು ನಾಲ್ಕು ಅಡಿ ದೂರ ಸರಿಸಿ.

ಇನ್ನು ಮಾತು. ದೀಪ ಎಷ್ಟೇ ಚೆನ್ನಾಗಿದ್ದರೂ ಪ್ರಶ್ನೆಗೆ ಮಾತಿನ ಉತ್ತರವೂ ಬೇಕು. ಮಾತಾಡಿಸುವ ದೊಡ್ಡವರು ಜೊತೆಗಿದ್ದರೆ ಪುಟ್ಟ ಮಕ್ಕಳು ಏನನ್ನಾದರೂ ತಿಳಿದುಕೊಳ್ಳಲೆಂದೇ ಗಂಟೆಗೆ ಸರಾಸರಿ 76 ಪ್ರಶ್ನೆ ಕೇಳುತ್ತಾರೆ ಎಂದು 2007ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಕಾರಣ ಹೇಳಿದರೆ ಮುಂದಕ್ಕೆ ಹೋಗುತ್ತಾರೆ, ಹೇಳದಿದ್ದರೆ ಅದನ್ನೇ ತಿರುಗಿ ಕೇಳುತ್ತಾರೆ ಎಂಬುದೂ ಸಂಶೋಧನೆಯಲ್ಲಿ ಕಂಡದ್ದೇ. "ಸುಮ್ನೆ ಮಲ್ಕೋ, ಗುಮ್ಮ ಬರ್ತಾನೆ" ಅಂದರೆ ನಾಯಿಯ ಜೊತೆಗೆ ಗುಮ್ಮನೂ ಸೇರಿ ಎರಡು ಪ್ರಶ್ನೆ ಆಗುತ್ತವೆ. ಟಾರ್ಚು ಹಿಡಿದು ಬೀರುವಿನೊಳಗೆಲ್ಲ ಹುಡುಕಿ "ನೋಡು, ಓಡಿಹೋಯ್ತು" ಅಂದರೂ ತಪ್ಪೇ; ಓಡಿಹೋದದ್ದು ತಿರುಗಿ ಬರಬಹುದಲ್ಲ. ಮೊದಲು ಮೈ ಮುಟ್ಟಿ ಕೂರಿಸಿಕೊಳ್ಳಿ. ದೀಪದ ಬೆಳಕಿನಲ್ಲಿ ಕಾಣುವುದನ್ನು ಮಗುವಿನ ಕೈಲೇ ಹೆಸರಿಸಿ: "ಇದೇನು? ದಿಂಬು. ಅದೇನು? ನಿನ್ನ ಬಾಟ್ಲಿ. ಇದ್ಯಾರು? ಅಮ್ಮ." ಆಮೇಲೆ ಒಂದೇ ವಾಕ್ಯ: "ನಾಯಿ ನಿದ್ದೇಲಿ ನಿನ್ನೊಳಗೆ ಕಾಣಿಸ್ತು, ನಂಗೆ ಕಾಣಿಸ್ಲಿಲ್ಲ, ಈಗ ನೀನು ಎದ್ದಿದೀಯ." ಮರುರಾತ್ರಿಯೂ ಅದೇ ವಾಕ್ಯ, ಅದೇ ದನಿ. "ಕನಸು ಬಿತ್ತು" ಎಂಬ ಮಾತನ್ನು ಒಂದೆರಡು ವರ್ಷ ಬದಿಗಿಟ್ಟರೆ ಮಂಚದ ಕೆಳಗೆ ಹುಡುಕುವುದು ತಪ್ಪುತ್ತದೆ. ವಿವರವೆಲ್ಲ ಬೆಳಿಗ್ಗೆ ಹಾಲು ಕುಡಿಯುವಾಗ. ಆಗ ಎಷ್ಟು ಕೇಳಿದರೂ ಹೇಳಿ, ಚಿತ್ರ ಬರೆಸಿ.

ವಾರಕ್ಕೆ ಹಲವು ರಾತ್ರಿ ಹೀಗೇ ಆಗುತ್ತಿದ್ದರೆ, ಜೋರಾಗಿ ಗೊರಕೆಯಿದ್ದರೆ, ಕೈಕಾಲು ಸೆಟೆದು ಒಂದೇ ಥರ ಅದುರುತ್ತಿದ್ದರೆ ದೀಪ ಬದಲಿಸುವುದನ್ನು ಬಿಟ್ಟು ಮಕ್ಕಳ ವೈದ್ಯರಿಗೆ ತೋರಿಸಿ. ಮೊಬೈಲಿನಲ್ಲಿ ಒಂದು ವಿಡಿಯೊ ಇದ್ದರೆ ಅವರಿಗೆ ಬಹಳ ಸಹಾಯ.

ದುಡ್ಡಿನ ಲೆಕ್ಕದಲ್ಲಿ: ಸ್ವಿಚ್ ಇರುವ, ಹಳದಿ ಬೆಳಕಿನ ಪ್ಲಗ್ ದೀಪ ಒಂದು ದಿನಬಳಕೆಗೆ, ಕೈಗೂಡಿದರೆ ಸಿಲಿಕೋನ್ ದೀಪ ಒಂದು ಕರೆಂಟು ಹೋದಾಗಿನ ಹೊತ್ತಿಗೆ. ಪ್ರೊಜೆಕ್ಟರ್ ಆಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ, ಸಂಜೆ ಆರೂವರೆಗೆ ಆಟಕ್ಕೆ ಹಾಕಿ, ಆರಿಸುವ ಸ್ವಿಚ್ಚನ್ನು ಮಗುವೇ ಒತ್ತಲಿ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಆಗ ಅದರ ಕೈಯಲ್ಲೇ ಇರುತ್ತದೆ.

ಊರಿಗೆ, ಅಜ್ಜಿ ಮನೆಗೆ ಹೋಗುವಾಗ ಇದೇ ದೀಪವನ್ನು ಚೀಲಕ್ಕೆ ಹಾಕಿಕೊಳ್ಳಿ. ಹೊಸ ಜಾಗದ ಮೊದಲ ರಾತ್ರಿಯಲ್ಲಿ ಹಳೆಯ ಬೆಳಕೊಂದೇ ಗುರುತಿನದು. ಅಮೆರಿಕದಲ್ಲಿರುವ ಮೊಮ್ಮಗುವಿಗೆ ಇಲ್ಲಿಂದ ಕಳಿಸುವುದಾದರೆ ಪ್ಲಗ್ ದೀಪ ಬೇಡ, ಅಲ್ಲಿ 120 ವೋಲ್ಟ್, ಪಿನ್ನೂ ಬೇರೆ. ಯುಎಸ್‌ಬಿಯಿಂದ ಚಾರ್ಜ್ ಆಗುವುದನ್ನೇ ಕಳಿಸಿ.